ಅಕ್ಕಿಡಬ್ಬ

ಪೆಟ್ಟಿಗೆ ಬಂದ ದಿನ ಅದಕ್ಕೊಂದು ಹೆಸರು ಬೇಕಿತ್ತು.
ಹೆಸರಿಡದೆ ಮುಂದೆ ಹೋಗಲಾರೆ ಎಂದು
ಪರದೆ ಹಟ ಹಿಡಿಯಿತು.
ಕೂತದ್ದು ಅಕ್ಕಿಡಬ್ಬ ಇದ್ದ ಜಾಗದಲ್ಲಿ,
ಹಾಗಾಗಿ ಅಕ್ಕಿಡಬ್ಬ.
ನಾಪೋಕ್ಲು ಪೇಟೆ, ಬೇಕರಿಯ ಮೇಲಿನ ಮನೆ.
ಎರಡು ಡಿಸ್ಕು, ಒಂದು ಫ್ಯಾನು, ಒಂದು ಹಸಿರು ದೀಪ.
ರಾತ್ರಿ ನೀರು ಕುಡಿಯಲು ಎದ್ದರೆ
ಬೆಕ್ಕೊಂದು ಒಂದೇ ಕಣ್ಣು ತೆರೆದು ಮಲಗಿದ ಹಾಗೆ.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ
ಊರವರ ಮಾತಿಗೆ ಮುದ್ರೆ ಒತ್ತಿದವಳು ನಾನು.
ನಮ್ಮ ಮನೆಯ ಮಾತು ಮಾತ್ರ
ಎಲ್ಲೆಲ್ಲೋ ಬಿದ್ದಿತ್ತು:
ಗಾಜೊಡೆದ ಮೂರು ಫೋನು,
ಬಿಸ್ಕತ್ತಿನ ಡಬ್ಬಿಯಲ್ಲಿ ಸೀಡಿ,
ಬೂಷ್ಟು ಹಿಡಿದ ಮದುವೆ ಕ್ಯಾಸೆಟ್ಟು,
ಅದರಲ್ಲಿ ನನ್ನ ಮುಖ ಬಂದಾಗೆಲ್ಲ ಅಲೆ ಅಲೆ.
ಹೆಕ್ಕಿ ಹೆಕ್ಕಿ ಸುರಿದೆ. ಹದಿನಾಲ್ಕು ದಿನ.
ಗುಡುಗಿದಾಗೆಲ್ಲ ಓಡಿ ಪ್ಲಗ್ ಕಿತ್ತೆ.

ಒಂದು ಬರೆದದ್ದನ್ನು ಇನ್ನೊಂದೂ ಬರೆಯುತ್ತದೆ,
ಅವಳಿಗಳು, ಒಂದು ಹೋದರೆ ಇನ್ನೊಂದಿದೆ
ಎಂದಿದ್ದ ಅಂಗಡಿಯವನು.
ಮನೆಗೇ ಏನಾದರೂ ಆದರೆ? ಅಂದೆ.
ಅವನು ಚಹಾ ತರಿಸಿದ.

ಹಾಗಾಗಿ ಮೂರನೆಯದು ವಿರಾಜಪೇಟೆಗೆ, ತೆರೆಜಾಳ ಮನೆಗೆ.
ತಂತಿಯಲ್ಲಿ ಕಳಿಸಿದರೆ
ನಾನೂರ ಹನ್ನೆರಡು ದಿನ ಎಂದಿತು ಪರದೆ.
ಬಸ್ಸಿನಲ್ಲಿ ಕಡಂಗ ದಾಟಿ ಒಂದೂಕಾಲು ಗಂಟೆ.
ಟವೆಲಿನಲ್ಲಿ ಸುತ್ತಿ, ಟಿಫಿನ್ ಡಬ್ಬಿಗೆ ಹಾಕಿ
ಕಂಡಕ್ಟರ್ ಮೊಯ್ದುವಿನ ಕೈಗಿತ್ತೆ.
'ಏನಕ್ಕ, ಕಡಂಬಿಟ್ಟಾ?'
'ಅಲ್ಲ, ಮನೆ.'
ಅವನು ಅದನ್ನು ತನ್ನ ಸೀಟಿನಲ್ಲೇ ಕೂರಿಸಿ
ತಾನು ನಿಂತುಕೊಂಡ.

ತೆರೆಜಾಳ ಡಿಸ್ಕು ನನ್ನ ಕಪಾಟಿನಲ್ಲಿ,
ಕಾಚಂಪುಳಿ ಬಾಟಲಿಯ ಹಿಂದೆ.
ನನ್ನದು ಅವಳ ಇಗರ್ಜಿಯ ಸೀರೆಗಳ ನಡುವೆ.
ಅವಳದ್ದು ನನಗೆ ಬಿಚ್ಚದು, ನನ್ನದು ಅವಳಿಗೆ.
ಮೊಹರಾದ ಚೀಲ ಕಾಯುವುದು
ನಮಗಿಬ್ಬರಿಗೂ ಹೊಸತಲ್ಲ.

ಇತ್ತ ಟಿವಿಯಲ್ಲಿ ಎಲ್ಲವೂ ತೆರೆಯಿತು.
ನಮ್ಮ ಟಿವಿಯಲ್ಲಿ ಮಾತ್ರವಲ್ಲ;
ಕೆಳಗಿನ ಬೇಕರಿಗೂ ನಮ್ಮದೇ ವೈಫೈ.
ಒಂದು ಸಂಜೆ ಬನ್ನು ತರಲು ಇಳಿದರೆ
ಗಿರಾಕಿಗಳೆಲ್ಲ ತಲೆಯೆತ್ತಿ ನೋಡುತ್ತಿದ್ದಾರೆ,
ಪುತ್ತರಿಯ ರಾತ್ರಿ ಬೆಳ್ಯಪ್ಪ
ಕದಿರು ಹಿಡಿದುಕೊಂಡೇ ತೂಕಡಿಸುವುದನ್ನು.
ಬೆಳ್ಯಪ್ಪ ಎರಡು ವಾರ ಬೇಕರಿಗೆ ಹೋಗಲಿಲ್ಲ.

ಆಮೇಲೊಂದು ರಾತ್ರಿ
ನಕಲು ತೆಗೆಯುತ್ತೇನೆಂದು ಕೂತು ಅಸಲನ್ನೇ ತೆಗೆದೆ.
ಎರಡು ಸಾವಿರದ ಒಂಬತ್ತು, ಇಡೀ ವರ್ಷ.
ಅವಳಿಗಳ ಕಡೆ ನೋಡಿದೆ.
ನಾನು ಮರೆ ಅಂದಿದ್ದೆ, ಎರಡೂ ಮರೆತಿದ್ದವು,
ಒಂದೇ ಉಸಿರಿಗೆ, ಅಷ್ಟು ವಿಧೇಯ.

ಆ ವರ್ಷದಲ್ಲಿ ಅಂಥದ್ದೇನಿತ್ತು?
ಕೋಳಿಗೂಡಿನ ತಗಡು. ಯಾರದೋ ಹೊಸ ಜೀಪು.
ಮತ್ತೆ ನಾದಿನಿ ದೇಚಕ್ಕನ ಸಿಳ್ಳೆ,
ಎರಡು ಬೆರಳು ಬಾಯಿಗಿಟ್ಟು
ಗದ್ದೆಯಾಚೆಯ ನಾಯಿಯನ್ನು ಕರೆದದ್ದು, ಹನ್ನೊಂದು ಸೆಕೆಂಡು.
ದೇಚಕ್ಕ ಇದ್ದಾಳೆ, ಗಟ್ಟಿಮುಟ್ಟಾಗಿಯೇ ಇದ್ದಾಳೆ.
ಮುಂದಿನ ಹಲ್ಲು ಹೋದ ಮೇಲೆ
ಆ ಸಿಳ್ಳೆ ಮಾತ್ರ ಊರಿನಲ್ಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ನಾನೇ ಹೋದೆ.
ತೆರೆಜಾ ಕಾರಣ ಕೇಳಲಿಲ್ಲ,
ಸೀರೆಗಳ ನಡುವೆ ಕೈ ಹಾಕಿ ತೆಗೆದುಕೊಟ್ಟಳು.
ಡಿಸ್ಕಿಗೆ ನುಸಿಗುಳಿಗೆಯ ವಾಸನೆ.
ಹನ್ನೆರಡು ದಿನ ಹಿಂದೆ ಉಳಿದಿತ್ತು ಅದು,
ನನ್ನ ತಪ್ಪಿನ ಸುದ್ದಿ ಅದಕ್ಕಿನ್ನೂ ಮುಟ್ಟಿರಲಿಲ್ಲ.
ತಡವಾದ ಟಪಾಲಿಗೆ ಬೈಸಿಕೊಂಡೇ
ನಿವೃತ್ತಳಾದವಳು,
ಅವಳ ಜಗಲಿಯಲ್ಲಿ ಕೂತು ನಕ್ಕೆ.

ಸಂಜೆ ಸಿಳ್ಳೆ ಹಾಕಿದೆ, ಟಿವಿಯ ದನಿ ಪೂರ್ತಿ ಏರಿಸಿ.
ಬೇಕರಿಯ ನಾಯಿ
ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿತು.
ದೇಚಕ್ಕ ಕಾಫಿ ಲೋಟ ಕೆಳಗಿಟ್ಟಳು:
'ಯಾರದು, ಮಾನಗೆಟ್ಟವಳು,
ಗಂಡಸರ ಹಾಗೆ?'
ಆಮೇಲೆ ಮೆಲ್ಲಗೆ, 'ಇನ್ನೊಮ್ಮೆ ಹಾಕು.'

ಸೋಮವಾರ ಡಬ್ಬಿ ಮತ್ತೆ ಬಸ್ಸು ಹತ್ತಿತು.
ಈ ಸಲ ಮೊಯ್ದು ಕೇಳುವ ಮೊದಲೇ ಹೇಳಿದೆ,
ಕೆಳಗಿನ ತಟ್ಟೆಯಲ್ಲಿ ಮನೆ,
ಮೇಲಿನದರಲ್ಲಿ ಕಡಂಬಿಟ್ಟು,
ಎರಡು ನಿನಗೆ.