ಕಾಲ್ಮರಿ

ಈ ಊರಲ್ಲಿ ನನಗೆ ಮೊದಲು ಸಿಕ್ಕ ಕೆಲಸ ಬೂಟು ಕೊಯ್ಯುವುದು.
ನಾರ್ಥಾಂಪ್ಟನ್ನಿನ ಅಂಚಿನ ಗೋದಾಮು, ರಾತ್ರಿ ಪಾಳಿ.
ವಾಪಸು ಬಂದ ಡಬ್ಬಿ ಬಿಚ್ಚಬೇಕು,
ಮಣ್ಣೇ ಮುಟ್ಟದ ಜೋಡಿನ ಬೆನ್ನಿಗೆ ಒಂದು ಗೀರು,
ತಿಪ್ಪೆಯಿಂದ ಹೆಕ್ಕಿ ಯಾರೂ ಮೆಟ್ಟದ ಹಾಗೆ.
ಗಂಟೆಗೆ ಅರವತ್ತು.
ಅರವತ್ತೊಂದನೆಯದಕ್ಕೆ ಕೈ ತಾನೇ ನಿಂತಿತು.

ಆಯಿಯ ರಂಪಿಗೆ ನನ್ನ ಪೆಟ್ಟಿಗೆಯಲ್ಲಿತ್ತು, ಹಳೇ ಕುಬಸದಲ್ಲಿ ಸುತ್ತಿ.
ಅಥಣಿಯಲ್ಲಿ ಅದು ಎಮ್ಮೆ ತೊಗಲನ್ನು
ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗೆ ಸವರುತ್ತಿತ್ತು.
ಉಳಿದ ಚೂರೂ ಬಿಸಾಡಿದವಳಲ್ಲ ಆಕೆ:
ಕಿವಿಯಾಗದಿದ್ದರೆ ಉಂಗುಟವಾಗುತ್ತಿತ್ತು,
ಉಂಗುಟವಾಗದಿದ್ದರೆ ನನಗೊಂದು ಗುಬ್ಬಿ.

ಕೆಟರಿಂಗ್ ರಸ್ತೆಯ ಹಿಂದೆ
ಸೈಕಲ್ ರಿಪೇರಿಯವನು ಬಿಟ್ಟುಹೋದ ಷೆಡ್ಡು ಹಿಡಿದೆ.
ಹೆಸರು ಬೇಕಲ್ಲ?
ಪಾದರಕ್ಷೆ ಅಂದರೆ ಮಡಿಯುಟ್ಟ ಮಾತು,
ಕೆರ ಅಂದರೆ ಬೈಗುಳ,
ಎಕ್ಕಡ ಇರುವುದೇ ಎತ್ತಿ ತೋರಿಸಲು.
ನಮ್ಮ ಕೇರಿಯಲ್ಲಿ ಕಾಲ್ಮರಿ ಅನ್ನುತ್ತಿದ್ದೆವು,
ಕಾಲಿನ ಮರಿಗಳು, ಹೊಸ್ತಿಲಾಚೆ
ಒಂದಕ್ಕೊಂದು ಆತುಕೊಂಡು ಕಾಯುವವು.
ಬ್ಯಾಂಕಿನ ಹುಡುಗ ಅರ್ಜಿ ಓದಿ ಹುಬ್ಬೇರಿಸಿದ:
‘ಕ್ಯಾಲಮಾರಿ? ಮೀನಿನ ಹೋಟೆಲ್ಲೇ?’
ಸಾಲ ಸಿಗಲಿಲ್ಲ. ಹೆಸರು ಉಳಿಯಿತು.

ಬೆರಿಲ್ ಬಂದಳು, ಎಪ್ಪತ್ತೊಂದರ ಪ್ರಾಯ.
ಮೂವತ್ತು ವರ್ಷ ಅವಳು ಹೊಲಿದ ಕಾರ್ಖಾನೆ ಈಗ ಫ್ಲ್ಯಾಟು,
ಅವಳ ಯಂತ್ರವಿದ್ದಲ್ಲಿ ಯಾರದೋ ಬಚ್ಚಲು.
ರಂಪಿಗೆಯನ್ನು ಉಗುರಿನ ಮೇಲೆ ಒತ್ತಿ ನೋಡಿ
‘ಮೊಂಡಾಗಿದೆ’ ಅಂದಳು. ಮಸೆದಳು.
ನಮ್ಮಿಬ್ಬರ ಪರಿಚಯ ಆದದ್ದು ಅಷ್ಟೇ.

ಗೋಡೆಗೆ ಬರೆದೆವು:
ಅಳಲೆಕಾಯಿ, ತಂಗಡಿ ತೊಗಟೆಯಲ್ಲಿ ಹದವಾದದ್ದೇ ಬೇಕು,
ಯಾರ ಹಳ್ಳವನ್ನೂ ನೀಲಿ ಮಾಡುವ ಉಪ್ಪು ಬೇಡ.
ಕೈಯ ಹೆಸರು, ಕೈಯ ಕೂಲಿ ಡಬ್ಬಿಯ ಮೇಲೆ.
ಆಮೇಲೆ ಲೆಕ್ಕದ ಚೀಟಿ:
ತೊಗಲು ಮೂವತ್ತೊಂದು ಪೌಂಡು, ಅಟ್ಟೆ ಹದಿನಾಲ್ಕು,
ಬಾಡಿಗೆ ಎಂಟು, ಬೆರಿಲ್‌ಗೆ ಐವತ್ತೆರಡು,
ನನಗೆ ಸೊನ್ನೆ.

ಅವಳು ಸೊನ್ನೆಯ ಸುತ್ತ ಪೆನ್ಸಿಲಿನಿಂದ ಇನ್ನೊಂದು ಸೊನ್ನೆ ಸುತ್ತಿದಳು.
‘ಅರ್ಧ ಜೋಡು ದೆವ್ವ ಹೊಲಿಯಿತೇ?’

ತನ್ನ ತೊಡೆಯ ತೊಗಲು ತೆಗೆದು
ಒಡೆಯನಿಗೆ ಮೆಟ್ಟು ಮಾಡಿಕೊಟ್ಟ ಒಬ್ಬನ ಕಥೆಯನ್ನು
ಅಜ್ಜ ಕಣ್ಣೊರೆಸಿಕೊಂಡು ಹೇಳುತ್ತಿದ್ದ.
ಆಯಿ ಮಾತ್ರ ದಾರಕ್ಕೆ ಮೇಣ ತಿಕ್ಕುತ್ತ
‘ಮತ್ತ ಆಂವ ಮರುದಿನಾ ಹ್ಯಾಂಗ ಕುಂತು ಹೊಲದಾ?’ ಅನ್ನುತ್ತಿದ್ದಳು.
ನ್ಯಾಯದ ಬೋರ್ಡು ಹೊರಗೆ, ಬಿಟ್ಟಿ ಚಾಕರಿ ಒಳಗೆ.
ಅಳಿಸಿ ಬರೆದೆ, ನಲವತ್ನಾಲ್ಕು.
ಒಟ್ಟು ನೋಡಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡು ಬೀದಿ ಆಚೆ ಜೋಡಿಗೆ ಹನ್ನೆರಡೇ ಪೌಂಡು.
ಆರು ವಾರ ಬಾಗಿಲ ಗಂಟೆ ಗಾಳಿಗಷ್ಟೇ ಬಾರಿಸಿತು.
ಒಬ್ಬ ಹುಡುಗಿ ಬಂದಳು, ಚೀಟಿ ಪೂರಾ ಓದಿದಳು,
‘ಎಮ್ಮೆಯ ಪಾಲು ಎಲ್ಲಿ?’ ಅಂದಳು.
ಹೌದಲ್ಲ.
ಆ ಸಾಲು ಇವತ್ತಿಗೂ ಖಾಲಿ ಇದೆ.
ಅಳಿಸಿಲ್ಲ, ತುಂಬಲೂ ಬಂದಿಲ್ಲ.

ಕೊನೆಗೆ ಡೆಲ್‌ರಾಯ್, ಬಸ್ಸಿನ ಚಾಲಕ.
ಎಡಗಾಲು ಎಂಟು, ಬಲಗಾಲು ಒಂಬತ್ತೂವರೆ.
ಜೀವಮಾನವಿಡೀ ಎರಡೆರಡು ಜೊತೆ ಕೊಂಡು
ಒಂದೊಂದನ್ನು ಕಸಕ್ಕೆ ಹಾಕಿದವನು.
ತೂತು ಬಿದ್ದ ಕಾಲುಚೀಲಕ್ಕೆ ನಾಚಿ
ಕಾಲು ಹಿಂದೆಳೆದುಕೊಂಡ.
ನಾನು ಹಿಮ್ಮಡಿ ಅಂಗೈಗಿಟ್ಟುಕೊಂಡು ಅಳತೆ ತೆಗೆದೆ.
ಊರಲ್ಲಿ ಆಯಿಯ ಕೈ ತಾಗಬಾರದೆಂದು
ದುಡ್ಡನ್ನು ಮೇಲಿಂದ ಬಿಡುತ್ತಿದ್ದರು.
ಇವನು ‘ಕೈ ತಣ್ಣಗಿದೆ ತಾಯಿ’ ಎಂದು ನಕ್ಕ.

ಐದು ವಾರಕ್ಕೆ ಜೋಡು ಸಿದ್ಧ.
ಜೋಡು ಅನ್ನಬೇಕೋ ಬೇಡವೋ,
ಒಂದು ದೊಡ್ಡ ಮರಿ, ಒಂದು ಸಣ್ಣದು.
ಬಾಗಿಲತನಕ ನಡೆದ, ತಿರುಗಿ ಬಂದ,
ಕೆಳಗೇ ನೋಡುತ್ತ ನಿಂತ.
ಕಂತಿನಲ್ಲಿ ಕೊಡುತ್ತೇನೆಂದ. ಮೊದಲ ಕಂತು ನಲವತ್ತು.

ಬೆರಿಲ್ ಹತ್ತರ ಒಂದು ನೋಟು ಎಣಿಸಿ ನನ್ನ ಕಡೆ ಸರಿಸಿದಳು.
‘ಕೂಲಿ. ಸಹಿ ಹಾಕು.’
ಕನ್ನಡದಲ್ಲೇ ಹಾಕಿದೆ.
ಬೆರಳಿಗೆ ಅಂಟು ಮೆತ್ತಿತ್ತು,
ನೋಟು ಬಹಳ ಹೊತ್ತು ಕೈ ಬಿಡಲಿಲ್ಲ.