ಇಲ್ಲಿ ಹರಾಜು ಇಳಿಯುತ್ತದೆ

ಬುರೇಲಾ ಬಂದರಿನಲ್ಲಿ ಹರಾಜು ಏರುವುದಿಲ್ಲ, ಇಳಿಯುತ್ತದೆ.
ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೆಂಟು,
ಉಸಿರು ಕಡಿಯದೆ ಕೂಗಬೇಕು
ಯಾರೋ ಒಬ್ಬ ‘ನನಗೆ’ ಅನ್ನುವ ತನಕ.
ನನ್ನಕ್ಕ ಎದೆಲ್ಮಿರಾ ಹದಿನೇಳು ವರ್ಷ ಹಾಗೆ ಕೂಗಿದಳು.
ನಾನು ಐಸಿನವನು. ಸಲಿಕೆ ನನ್ನದು, ಗಂಟಲು ಅವಳದು.

ಮೊದಲು ಕೈಕೊಟ್ಟದ್ದು ಎಡಗಣ್ಣಿನ ರೆಪ್ಪೆ.
ಬೆಳಿಗ್ಗೆ ಐದಕ್ಕೆ ಸರಿಯಾಗೇ ಇರುತ್ತಿತ್ತು;
ಮೂರನೇ ದೋಣಿಯ ಬಂಗುಡೆ ಮುಗಿಯುವಷ್ಟರಲ್ಲಿ
ಅಂಗಡಿಯ ಶಟರಿನ ಹಾಗೆ ಅರ್ಧಕ್ಕೆ ಇಳಿದಿರುತ್ತಿತ್ತು.
ಆಮೇಲೆ ಒಂದು ದೋಣಿ ಎರಡಾಗಿ ಕಂಡಿತು.
“ಒಳ್ಳೆಯದೇ ಆಯಿತು, ಎರಡರ ದುಡ್ಡು ಕೊಡಿಸು” ಅಂದೆ.
ನಕ್ಕಳು. ತುಟಿಯ ತುದಿ ಮೇಲೇಳಲಿಲ್ಲ,
ಹಲ್ಲು ಕಿರಿದು ಗುರುಗುಟ್ಟಿದ ಹಾಗಾಯಿತು.

ಆಮೇಲೆ ದನಿ.
ತೊಂಬತ್ತು ಗಟ್ಟಿ, ಎಂಬತ್ತು ಗಟ್ಟಿ,
ಅರವತ್ತರ ಹೊತ್ತಿಗೆ ಮೂಗಿನಲ್ಲಿ,
ನಲವತ್ತು ತುಟಿಯ ಮೇಲೇ ಉಳಿಯಿತು.
ಕುಡಿದಿದ್ದಾಳೆ, ಅಂದ ಒಬ್ಬ.
ಗಂಡ ಸತ್ತ ದುಃಖ ಈಗ ಹೊರಗೆ ಬೀಳುತ್ತಿದೆ,
ಅಂದಳು ಬಲೆ ಹೆಣೆಯುವ ಕಾಸಿಲ್ದಾ.
ಸೂಪು ಮೂಗಿನಿಂದ ವಾಪಸು ಬಂದ ರಾತ್ರಿ
ಅಕ್ಕ ಏನೂ ಅನ್ನಲಿಲ್ಲ.
ಬಟ್ಟಲು ತೊಳೆದು ಕವುಚಿ ಇಟ್ಟಳು.

ಆಗಸ್ಟಿನ ಒಂದು ಬೆಳಿಗ್ಗೆ, ಸೆಕೆಗೆ,
ಬೂತಾಯಿ ಪೆಟ್ಟಿಗೆಯಿಂದ ಹಿಡಿ ಐಸು ತೆಗೆದು
ಕಣ್ಣಿಗೆ ಒತ್ತಿಕೊಂಡಳು, ಎರಡು ನಿಮಿಷ.
ಕೈ ತೆಗೆದಾಗ ರೆಪ್ಪೆ ಪೂರ್ತಿ ತೆರೆದಿತ್ತು,
ಕೆನ್ನೆಗೆ ಮೀನಿನ ಒಂದು ಪೊರೆ ಅಂಟಿತ್ತು.
“ನಿನ್ನ ಐಸು ಕೆಲಸ ಮಾಡುತ್ತೆ ಕಣೋ.”
ಲುಗೋದ ಡಾಕ್ಟರಮ್ಮನಿಗೆ ಇದನ್ನು ತಮಾಷೆಗೆ ಹೇಳಿದೆ.
ಆಕೆ ನಗಲಿಲ್ಲ. ಪೆನ್ನು ಕೆಳಗಿಟ್ಟರು.

ಮಯಸ್ತೀನಿಯಾ ಗ್ರೇವಿಸ್.
ಮುಳುಗಿದ ಯಾವುದೋ ಹಡಗಿನ ಹೆಸರಿನಂತಿತ್ತು.
ಚಿತ್ರ ಬರೆದು ಹೇಳಿದರು, ನನಗೆ ತಿಳಿದದ್ದು ಇಷ್ಟು:
ನರ ಕೂಗುತ್ತದೆ, ಕೂಗಿನಲ್ಲಿ ತಪ್ಪಿಲ್ಲ.
ಸ್ನಾಯುವಿಗೆ ಬಲವಿದೆ, ಬಲದಲ್ಲಿ ತಪ್ಪಿಲ್ಲ.
ಆದರೆ ಕೊಳ್ಳಲು ಕೂತವರ ಕಿವಿಗಳನ್ನು
ಹಿಂದಿನಿಂದ ಮುಚ್ಚಿ ಹಿಡಿದಿದ್ದಾರೆ ಕಾವಲಿನವರು,
ಹೊರಗಿನವರಲ್ಲ,
ಮೈಯೇ ಸಂಬಳ ಕೊಟ್ಟು ಸಾಕಿದವರು.
ಮೊದಲ ಕೂಗು ಬೆರಳ ಸಂದಿಯಲ್ಲಿ ಹೇಗೋ ತೂರುತ್ತದೆ,
ಐವತ್ತನೆಯದು ತೂರುವುದಿಲ್ಲ.

“ನಾವು ಕಳ್ಳರೆಂದು ಅವರಿಗೆ ಹೇಳಿದವರು ಯಾರು?” ಅಕ್ಕ ಕೇಳಿದಳು.
ಡಾಕ್ಟರಮ್ಮ ತಮ್ಮ ಎದೆಮೂಳೆಯ ಮೇಲೆ ಬೆರಳಿಟ್ಟರು:
ಇದರ ಹಿಂದೊಂದು ಶಾಲೆಯಿದೆ,
ನಮ್ಮವರು ಯಾರು, ಪರರು ಯಾರು ಎಂದು ಕಲಿಸುವುದು.
ದೊಡ್ಡವರಾದ ಮೇಲೆ ತಾನೇ ಕುಗ್ಗಿ ಬಾಗಿಲು ಹಾಕಬೇಕು;
ಕೆಲವರಲ್ಲಿ ಹಾಕುವುದಿಲ್ಲ, ಪಾಠ ದಾರಿ ತಪ್ಪುತ್ತದೆ.
“ಯಾಕೆ?”
“ಗೊತ್ತಿಲ್ಲ.”
ಆ ಮಾತಿಗೇ ನಾನು ಅವರನ್ನು ನಂಬಿದೆ.

ಬಳಿಕ, ಒಂದೇ ಉಸಿರಿಗೆ ಎಣಿಸಿ ಅಂದರು.
ಎಲ್ಲರೂ ಒಂದರಿಂದ ಹತ್ತುತ್ತಾರಂತೆ.
ಅಕ್ಕ ಬೆನ್ನು ನೆಟ್ಟಗೆ ಮಾಡಿ ಐವತ್ತರಿಂದ ಇಳಿದಳು.
ಮೂವತ್ತೆಂಟಕ್ಕೆ ನಿಂತಿತು.
ಕೋಣೆಯಲ್ಲಿ ಯಾರೂ ‘ನನಗೆ’ ಅನ್ನಲಿಲ್ಲ.

ಈಗ ನಾಲ್ಕು ಗಂಟೆಗೊಂದು ಮಾತ್ರೆ.
ಹರಾಜು ಮುಗಿದದ್ದೇ ತಡ, ಕೊಳವೆ ಹಿಡಿದು
ನೆಲ ತೊಳೆಯುವ ರೋಸೆಂದೋ ಇದ್ದಾನಲ್ಲ,
ಮೈಯೊಳಗೂ ಅಂಥವನೊಬ್ಬ,
ಕೂಗು ಬಿದ್ದಕೂಡಲೆ ಗುಡಿಸಿಹಾಕುತ್ತಾನೆ.
ಮಾತ್ರೆ ಅವನ ಹೆಗಲ ಮೇಲೆ ಕೈಯಿಟ್ಟು
‘ತಡಿಯಪ್ಪ’ ಅನ್ನುತ್ತದೆ, ಅಷ್ಟೆ.
ಕಾವಲಿನವರು ಅಲ್ಲೇ ಇದ್ದಾರೆ.
ಚಳಿಗಾಲದಲ್ಲಿ ಎದೆ ತೆರೆದು ಶಾಲೆ ಕಿತ್ತುಹಾಕಿದರು;
ಫಲ ಕಾಣಲು ವರ್ಷಗಳೇ ಬೇಕಂತೆ.

ಬಂದರಿನ ಗೋಡೆಯ ಮೇಲೆ ಈಗ ಕೆಂಪು ಅಂಕಿ ತಾನೇ ಇಳಿಯುತ್ತದೆ.
ಅಕ್ಕ ತೂಕದ ಚೀಟಿ ಬರೆಯುತ್ತಾಳೆ, ಹನ್ನೊಂದರ ತನಕ.
ಆಮೇಲೆ ನೀರಿನ ಬಾಟಲಿ ನನ್ನತ್ತ ಚಾಚುತ್ತಾಳೆ;
ಮುಚ್ಚಳ ತಿರುವಿ ಕೊಡುತ್ತೇನೆ, ಇಬ್ಬರೂ ಬೇರೆಲ್ಲೋ ನೋಡುತ್ತ.

ರಾತ್ರಿ ಗೋಡೆಯಾಚೆ ಎಣಿಕೆ ಶುರುವಾಗುತ್ತದೆ.
ಐವತ್ತು, ನಲವತ್ತೊಂಬತ್ತು.
ನಾನೂ ಇತ್ತ ಉಸಿರು ಬಿಗಿಹಿಡಿಯುತ್ತೇನೆ.
ಮೊನ್ನೆ ಇಪ್ಪತ್ತಾರರ ತನಕ ಹೋಗಿದ್ದಳು.
ಇವತ್ತು ಮೂವತ್ತು ಅಂದಳು.
ಇಪ್ಪತ್ತೊಂಬತ್ತಕ್ಕೆ ಕಿವಿಗೊಟ್ಟು ಮಲಗಿದ್ದೇನೆ.