ಟೋಕನ್ ನಲವತ್ತೊಂದು

ದುಧನಿ ಸ್ಟೇಶನ್ ರೋಡಿಗಿ ಎರಡು ಬಾಗಿಲು,
ಎದುರಾಬದರು.
ನಡುವ ತೊಗರಿ ಚೀಲದ ಟೆಂಪೋ ನಿಂತದ.
ನನ್ನ ಸೆರಗಿನಾಗ ಎಂಬತ್ತೆರಡು ಸಾವಿರ,
ಕಡಕ್ ರೊಟ್ಟಿ ಬಡದು ಬಡದು
ಹಿಟ್ಟಿನ ಡಬ್ಬಿ ತಳದಾಗ ಕೂಡಿಸಿದ್ದು.
ಒಂದು ರೊಟ್ಟಿಗಿ ಏಳು ರೂಪಾಯಿ.
ಹಿಟ್ಟು, ಕಟಿಗಿ, ಸೋಲಾಪುರದ ಗಾಡಿ ಖರ್ಚು ಕಳದು
ಎಷ್ಟು ಉಳೀತದಂತ
ನನ್ನ ಅಂಗೈಗೆ ಗೊತ್ತು, ಕಾಗದಕ್ಕ ಗೊತ್ತಿಲ್ಲ.

ಎಡಕ್ಕ ನಮ್ಮ ಪತಸಂಸ್ಥೆ.
ಬೋರ್ಡು ಮರಾಠಿ, ಒಳಗಿನ ಮಾತು ಕನ್ನಡ.
ಬೆಂಚಿನ ಮ್ಯಾಲ ಕೂತರ ಮಲಕಣ್ಣ ಕ್ಲಾರ್ಕ
ಖಾತೆ ನಂಬರ್ ಕೇಳಂಗಿಲ್ಲ,
"ಮಗಳಿಗಿ ಈಗ ಎಷ್ಟು ತಿಂಗಳು?" ಅಂತಾನ.
ಪಿಗ್ಮಿ ಯಲ್ಲಾಲಿಂಗ ದಿನಾ ಒಲಿ ಮುಂದ ಬರ್ತಾನ,
ಇಪ್ಪತ್ತು ರೂಪಾಯಿ.
ಹಿಟ್ಟಿನ ಕೈಲೆ ಕೊಟ್ಟ ನೋಟು
ಅಂಗಿಗಿ ವರಸಿ ಇಟ್ಕೋತಾನ.
ನನ್ನ ಪಾಸ್‌ಬುಕ್ಕಿನ ಹಾಳಿ ಹಾಳಿಯೊಳಗ
ಜ್ವಾಳದ ಬೆರಳು ಮೂಡ್ಯಾವ.

ನಮ್ಮವರು ಸೋಲಾಪುರದ ದವಾಖಾನಿಯೊಳಗ ಮಲಗಿದ ರಾತ್ರಿ
ಹನ್ನೊಂದಕ್ಕ ಶಟರ್ ಎತ್ತಿ,
ಬ್ಯಾಟರಿ ಬೆಳಕಿನಾಗ ರೊಕ್ಕ ಎಣಿಸಿ ಕೊಟ್ಟಾರ ಇವರು.
ಸಹಿ ಮರುದಿನ ತಗೊಂಡ್ರು.
ಅದನ್ನ ಮರತರ ನನ್ನ ಬಾಯಾಗ ಹುಳ ಬೀಳಲಿ.

ಆದರ ಹೋದ ಪಂಚಮಿಗಿ
ಐದು ಸಾವಿರ ತಗದೆ, ಬೆಂಡೋಲಿ ಮಾಡಸಾಕ.
ಮನಿ ಮುಟ್ಟೂದ್ರೊಳಗ ಮೈದುನ ಕಟ್ಟಿ ಮ್ಯಾಲ ಕೂತಿದ್ದ:
"ವೈನಿ, ರೊಕ್ಕ ಬಂದದಂತ. ಬೋರಿನ ಮೋಟರ್ ಸುಟ್ಟದ."
ಬೆಂಡೋಲಿ ಇನ್ನೂ ಅಕ್ಕಸಾಲಿಗನ ಡಬ್ಬಿಯೊಳಗೇ ಅವ.

ಮತ್ತ ಅತ್ತಾಗಿನ ಊರಾಗ ಇಂಥದೇ ಒಂದು ಸಂಸ್ಥೆ,
ಹೆಸರು ಹೇಳಂಗಿಲ್ಲ,
ದೀಪಾವಳಿ ಅಮಾಸಿ ಮರುದಿನ ಶಟರ್ ಎತ್ತಲಿಲ್ಲ.
ಎಲ್ಲಾರೂ ಗುರುತಿನವರೇ.
ಗುರುತಿನವರ ಮನಿ ಮುಂದ ನಿಂತು ಒದರೂದು ಹೆಂಗ?
ಚೇರಮನ್ನನ ಹೇಣ್ತಿ ಚಹಾ ತಂದು ಕೊಟ್ಟಳಂತ,
ಕುಡದು ಬಂದರಂತ.

ಬಲಕ್ಕ ಬ್ಯಾಂಕು.
ಗಾಜಿನ ಬಾಗಿಲು ನೂಕಬೇಕೋ ಎಳೀಬೇಕೋ
ಅನ್ನೂದ್ರಾಗ ಒಬ್ಬ ಹುಡುಗ ನನ್ನ ದಾಟಿ ಹೋದ.
ಟೋಕನ್ ನಲವತ್ತೊಂದು.
ತಂಪು ಗಾಳಿ. ಮಗಳ ಸುದ್ದಿ ಯಾರೂ ಕೇಳಲಿಲ್ಲ.
ಆಧಾರ್, ಪ್ಯಾನ್, ಎರಡು ಫೋಟೋ,
ಪೆನ್ಸಿಲ್ಲಿನ ಗೀರು ಇದ್ದಲ್ಲೆಲ್ಲ ಸಹಿ.
ನಾ ಕನ್ನಡದಾಗ ಬರದೆ, ಸಾತಮ್ಮ ಅಂತ,
ಎರಡನೇ ಇಯತ್ತೆಯೊಳಗ ಕಲಿಸಿದಂಗ, ಮಾವೊತ್ತು ದುಂಡಗ.
ಎಲ್ಲಿಂದಲೋ ಬದಲಿ ಆಗಿ ಬಂದ ಸಾಹೇಬ
ಫಾರ್ಮು ತಿರುವಿ ಹಿಡದು ನೋಡಿದ.
ಹಿಂದಿಯೊಳಗ ಕೇಳಿದ, ಇದು ಸಹಿಯೋ ರಂಗೋಲಿಯೋ?
ನಗಲಿಲ್ಲ ಅವ. ಖರೇನ ಕೇಳಿದ.
ನನಗ ಸಿಟ್ಟು ಬರಬೇಕಿತ್ತು, ಬರಲಿಲ್ಲ.
ಐವತ್ತೆರಡು ವರ್ಷದಾಗ ಮೊದಲ ಸಲ
ನಾ ಯಾರ ಸೊಸಿ, ಯಾರ ಹೇಣ್ತಿ ಅಂತ
ಗೊತ್ತಿಲ್ಲದವನ ಮುಂದ ಕೂತಿದ್ದೆ.
ಹೊಸ ಗಡಿಗಿಯೊಳಗಿನ ನೀರಿನಂಗ
ಆ ಗೊತ್ತಿಲ್ಲದ್ದು ತಣ್ಣಗಿತ್ತು.

ಎಣಿಸೂ ಮಶಿನ್ ನೋಟು ಕೊಡವಿದಾಗ
ಸಣ್ಣಗ ಹಿಟ್ಟು ಹಾರಿತು.
ಸಾಹೇಬ ಸೀನಿದ.

ಹಿಂದ ತಿರುಗಿದರ
ಮೂಲಿ ಕುರ್ಚಿಯೊಳಗ ಯಲ್ಲಾಲಿಂಗ,
ಪಿಗ್ಮಿ ಚೀಲ ತೊಡಿ ಮ್ಯಾಲ ಬೋರಲ ಹಾಕಿ,
ಸಂಸ್ಥೆ ಹೆಸರು ಕಾಣದಂಗ.
ಕೈಯಾಗ ಟೋಕನ್ ನಲವತ್ತೆರಡು.
ಅವ ಗಡಿಯಾರ ನೋಡಿದ.
ನಾ ನನ್ನ ಚಪ್ಪಲಿ ನೋಡಿದೆ.

ಮರುದಿನ ಹತ್ತಕ್ಕ ಒಲಿ ಮುಂದ ಬಂದು ಕೂತ.
ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿತು, ಇಳೀತು.
ಮಳಿ ಸುದ್ದಿ ಆತು, ತೊಗರಿ ರೇಟಿನ ಸುದ್ದಿ ಆತು.
ನಾ ಮೂವತ್ತು ಕೊಟ್ಟೆ.
"ಹತ್ತು ಹೆಚ್ಚಾತಲ್ಲ ಅಕ್ಕಾ" ಅಂದ.
"ಇರಲಿ, ಬರಕೋ" ಅಂದೆ.
ಬರಕೊಂಡ.